ಪಡಸಾಲೆಯ ಪಾಲು

ಶವದ ಗಾಡಿಯ ಡ್ರೈವರ್ ಪೆಟ್ಟಿಗೆಯನ್ನು ಅಡ್ಡ ಹಿಡಿದು ನೋಡಿದ, ಓರೆ ಮಾಡಿ ನೋಡಿದ, ಕೊನೆಗೆ ಬೀರು ಸಾಗಿಸುವವರಂತೆ ನೆಟ್ಟಗೆ ನಿಲ್ಲಿಸಿಯೂ ನೋಡಿದ. ಮನೆಯ ಪಕ್ಕದ ಹಾದಿಯೊಳಗೆ ಅದು ಎರಡು ಹೆಜ್ಜೆ ಹೋಗಿ, ಮೆಟ್ಟಿಲು ಶುರುವಾಗುವ ಕಡೆ ಕಚ್ಚಿಕೊಂಡು ನಿಂತುಬಿಟ್ಟಿತು. ಹಿಂದಕ್ಕೆ ಎಳೆದಾಗ ಪೆಟ್ಟಿಗೆಯ ಮೂಲೆಯ ಬಣ್ಣ ಗೋಡೆಗೆ ಅಂಟಿಕೊಂಡಿತ್ತು.

"ಪೆಟ್ಟಿಗೆ ಬೀದೀಲೇ ಇರಲಿ ಬಿಡಿ. ಬೆಡ್‌ಶೀಟಲ್ಲಿ ಎತ್ಕೊಂಡು ಬರೋಣ," ಎಂದ ಅವನು ಬೆವರೊರೆಸಿಕೊಳ್ಳುತ್ತ.

"ನೀವಿನ್ನೂ ಒಳಗೆ ಹೋಗಿಲ್ಲ," ಎಂದ ಗಿಡ್ಡ ಮೇಸ್ತ್ರಿ. ಸತ್ತವನ ಕೈಕೆಳಗೆ ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನು ಅವನು. "ಮೊದಲು ನೋಡ್ಕೊಂಡು ಬನ್ನಿ, ಆಮೇಲೆ ಹೇಳಿ."

ಡ್ರೈವರ್ ಮೈ ಓರೆ ಮಾಡಿಕೊಂಡು ಹಾದಿಯೊಳಗೆ ನುಸುಳಿದ. ಹೊರಗೆ ಬಂದಾಗ ಅವನ ಎರಡೂ ಭುಜಕ್ಕೆ ಸುಣ್ಣ ಮೆತ್ತಿತ್ತು.

"ಇಷ್ಟು ದಪ್ಪ ಇದ್ದಾರೆ ಅಂತ ಯಾರೂ ಹೇಳಲಿಲ್ಲವಲ್ಲ."

"ಮೊದಲು ಕಡ್ಡಿ ಥರ ಇದ್ದರು. ಇದು ಕಾಯಿಲೆ, ನೀರು ತುಂಬ್ಕೊಂಡು ಊದಿದ್ದು. ಎಂಟು ತಿಂಗಳಿಂದ ಈ ಹಾದಿ ದಾಟಿಲ್ಲ. ಜೀವ ಇದ್ದಾಗಲೇ ದಾಟಕ್ಕಾಗಲಿಲ್ಲ, ಈಗ ಹೇಗೆ ದಾಟ್ತಾರೆ?"

ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಕೂತಿದ್ದ ಟೈಲರಮ್ಮನಿಗೆ ಇದಿಷ್ಟೂ ಕೇಳಿಸುತ್ತಿತ್ತು. ಅವಳು ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಸತ್ತವನು ಅವಳ ಭಾವ, ಗಂಡನ ಅಣ್ಣ. ಒಂದೇ ಸೂರಿನ ಮನೆಯಾದ್ದರಿಂದ ಬೀದಿಯವರು ಸಾವಿನ ಮನೆ ಎನ್ನುತ್ತಿದ್ದದ್ದು ಅವಳನ್ನೂ ಸೇರಿಸಿಯೇ. ಆದರೂ ಅವಳ ಮಿಷನ್ನು ಬೆಳಗಿನಿಂದ ನಿಂತಿರಲಿಲ್ಲ. ಬೆಳಗಿನ ಹತ್ತು ಗಂಟೆಯಲ್ಲೂ ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು.

ಅವಳ ಬೆನ್ನ ಹಿಂದಿನ ಗೋಡೆಯಾಚೆಯಿಂದ ಎಂಟು ತಿಂಗಳು ಕೆಮ್ಮು ಕೇಳಿಸಿತ್ತು. ಮಧ್ಯಾಹ್ನದ ಹೊತ್ತು ಆಗಾಗ ಹಾದಿ ಕಡೆಯ ಉದ್ದ ಗೋಡೆ ಬಡಿಯುವ ಸದ್ದೂ ಬರುತ್ತಿತ್ತು. ಮಿಷನ್ನಿನ ಸದ್ದಿಗೆ ರೇಗುತ್ತಿದ್ದಾನೆಂದು ಅವಳು ಪೆಡಲನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು. ಇವತ್ತು ಬೆಳಿಗ್ಗೆ ಆರಕ್ಕೆ ಕೆಮ್ಮು ನಿಂತಿತು. ಆರೂಕಾಲಿಗೆ ಓರಗಿತ್ತಿಯ ಅಳು ಶುರುವಾಯಿತು. ನಡುವಿನ ಆ ಕಾಲು ಗಂಟೆ ಟೈಲರಮ್ಮ ಹಾಸಿಗೆಯ ಮೇಲೆ ಅಲ್ಲಾಡದೆ ಕೂತಿದ್ದಳು. ಅಷ್ಟು ನೆಮ್ಮದಿಯ ಕಾಲು ಗಂಟೆ ಅವಳ ಬದುಕಿನಲ್ಲಿ ಬಹಳ ವರ್ಷಗಳಿಂದ ಬಂದಿರಲಿಲ್ಲ.

ಸತ್ತವನ ಮಗ ಬಾಗಿಲಲ್ಲಿ ಬಂದು ನಿಂತ. ಬಸ್ ಡ್ರೈವರ್ ಅವನು, ಊರಿನ ಆಚೆ ಕೊನೆಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದ. ಸುದ್ದಿ ತಿಳಿದಾಗ ಡ್ಯೂಟಿಯಲ್ಲಿದ್ದದ್ದರಿಂದ ಖಾಕಿಯಲ್ಲೇ ಬಂದಿದ್ದ.

"ಚಿಕ್ಕಮ್ಮ, ಒಂದು ನಿಮಿಷ ಮಿಷನ್ ನಿಲ್ಲಿಸ್ತೀಯಾ?"

ಅವಳು ತೋಳಿನ ಹೊಲಿಗೆಯನ್ನು ಕೊನೆಯ ತನಕ ಮುಗಿಸಿ, ದಾರ ಕಡಿದು, ಆಮೇಲೆ ತಲೆಯೆತ್ತಿದಳು. "ಹೇಳು."

"ಅಪ್ಪನ್ನ ಹೊರಗೆ ತರಕ್ಕಾಗ್ತಿಲ್ಲ."

"ಕೇಳಿಸ್ತು."

"ಮೆಟ್ಟಿಲು ಒಡೆಯೋಣ ಅಂದ್ರೆ ಮೇಲಿನ ಕೋಣೆ ಪೂರ್ತಿ ಅದರ ಮೇಲೇ ಕೂತಿದೆಯಂತೆ. ಗಿಡ್ಡಣ್ಣ ಕೈ ಹಾಕಬೇಡಿ ಅಂದ." ಅವನ ಕಣ್ಣು ಅವಳ ಬೆನ್ನ ಹಿಂದೆ ಹೋಯಿತು. "ಉಳಿದಿರೋದು ಇದೊಂದೇ."

"ಯಾವುದೊಂದೇ?"

"ಈ ಗೋಡೆ."

"ಇದು ನಿಮ್ಮಪ್ಪನ ಗೋಡೆ ಕಣಪ್ಪ. ಒಡೆಯೋದಕ್ಕೆ ನನ್ನನ್ನ ಯಾಕೆ ಕೇಳ್ತೀಯ? ಕಟ್ಟುವಾಗ ಯಾರೂ ಕೇಳಿರಲಿಲ್ಲ."

"ಬಾಗಿಲು ನಿನ್ನದಲ್ವಾ ಚಿಕ್ಕಮ್ಮ."

ಆ ಮಾತು ಅವಳೊಳಗೆ ಬಿಸಿ ಕಾಫಿಯಂತೆ ಇಳಿಯಿತು. ಇಪ್ಪತ್ತೊಂದು ವರ್ಷದಲ್ಲಿ ಆ ಮನೆಯವರು ಯಾವುದನ್ನೇ ಆಗಲಿ ಅವಳದು ಎಂದು ಕರೆದದ್ದು ಇದೇ ಮೊದಲು.

"ನಿಮ್ಮಮ್ಮನ್ನ ಕಳಿಸು. ಅವಳೇ ಬಂದು ಕೇಳಲಿ. ಬೀದಿ ಕಡೆಯಿಂದ ಬಂದು, ಈ ಬಾಗಿಲಲ್ಲಿ ನಿಂತು."

"ಅವಳ ಸ್ಥಿತಿ ಈಗ ಹೇಗಿದೆ ಅಂತ ಗೊತ್ತಾ ನಿನಗೆ?"

"ಗಂಡ ಸತ್ತವಳ ಸ್ಥಿತಿ ನನಗೆ ಗೊತ್ತಿಲ್ವಾ?" ಎಂದು ಅವಳು ಸೂಜಿಗೆ ದಾರ ಪೋಣಿಸತೊಡಗಿದಳು. ಸೂಜಿಯ ಕಣ್ಣು ಅವಳಿಗೆ ಈಗ ಕಾಣುತ್ತಿರಲಿಲ್ಲ, ಬೆರಳಿನ ಲೆಕ್ಕದಲ್ಲೇ ನಡೆಯುತ್ತಿತ್ತು. ಮಗ ನೋಡುತ್ತ ನಿಂತಿದ್ದು, ಹೊರಟುಹೋದ.

•

ಸತ್ತವನೂ ಮೇಸ್ತ್ರಿಯೇ, ಕೆಟ್ಟ ಕೆಲಸಗಾರನೆಂದು ಯಾರೂ ಹೇಳುವಂತಿರಲಿಲ್ಲ. ಅವನು ಎಬ್ಬಿಸಿದ ಗೋಡೆಗೆ ತೂಕದ ಗುಂಡು ಇಳಿಬಿಟ್ಟರೆ ದಾರ ಕೂದಲೆಳೆಯಷ್ಟೂ ಆಚೀಚೆ ಸರಿಯುತ್ತಿರಲಿಲ್ಲ. ಕುಡಿತವಿಲ್ಲ, ಸಿಗರೇಟಿಲ್ಲ, ಎರಡು ಅಂಗಿಯಲ್ಲಿ ವರ್ಷ ತಳ್ಳುತ್ತಿದ್ದ. ಊಟಕ್ಕೂ ಇಂಥದ್ದೇ ಬೇಕೆಂದವನಲ್ಲ. ಅವನಿಗಿದ್ದದ್ದು ಒಂದೇ ಹಸಿವು, ಅದು ಜಾಗದ್ದು.

ಆರು ಮಕ್ಕಳು ಒಂದೇ ಸಾಲಿನಲ್ಲಿ ನೆಲದ ಮೇಲೆ ಮಲಗಿ ಬೆಳೆದ ಮನೆ ಅದು. ಒಬ್ಬ ಮಗ್ಗುಲು ಬದಲಾಯಿಸಿದರೆ ಸಾಲಿಗೆ ಸಾಲೇ ಬದಲಾಯಿಸಬೇಕು. ಎಲ್ಲರಿಗಿಂತ ದೊಡ್ಡವನಾದ್ದರಿಂದ ಅವನ ಪಾಲಿಗೆ ಸಾಲಿನ ಕೊನೆ, ಬಾಗಿಲ ಪಕ್ಕ. "ಚಳೀಲಿ ಅಣ್ಣನ ಒಂದು ಕಾಲು ಯಾವಾಗಲೂ ಹೊಸ್ತಿಲಾಚೆಗೇ ಇರ್ತಿತ್ತು ಕಣೇ," ಎಂದು ಟೈಲರಮ್ಮನ ಗಂಡ ಹೇಳಿ ನಗುತ್ತಿದ್ದ. ಅವನು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು, ಮೆತ್ತಗಿನ ಮನುಷ್ಯ. ಅಣ್ಣನನ್ನು ಕ್ಷಮಿಸಲು ಅವನಿಗೆ ಯಾವಾಗಲೂ ಏನಾದರೊಂದು ನೆಪ ಸಿಗುತ್ತಿತ್ತು.

ಉಳಿದ ನಾಲ್ವರು ದಿಕ್ಕಿಗೊಬ್ಬರಾಗಿ ಹೋದ ಮೇಲೆ ಮನೆ ಇವರಿಬ್ಬರಿಗೆ ಬಂತು. ಮಾವ ಬದುಕಿದ್ದಾಗಲೇ ಹಂಚಿಕೊಟ್ಟಿದ್ದರು. ದೊಡ್ಡ ಪಡಸಾಲೆ ಮತ್ತು ಬೀದಿಯ ಎರಡು ರೆಕ್ಕೆಯ ಬಾಗಿಲು ತಮ್ಮನಿಗೆ. ಹಿಂದಿನ ಎರಡು ಕೋಣೆ, ಹಿತ್ತಲು, ಹೊರಗೆ ಬರಲು ಪಕ್ಕದ ಅಗಲವಾದ ಹಾದಿ ಅಣ್ಣನಿಗೆ. ಎರಡು ಎಮ್ಮೆ ಎದುರುಬದುರಾಗಿ ಹೋಗಬಹುದಾದಷ್ಟು ಅಗಲ ಇತ್ತು ಆಗ ಆ ಹಾದಿ.

ಮೊದಲು ಪಡಸಾಲೆಗೆ ಬಂದದ್ದು ಅಣ್ಣನ ಒಂದು ಮಂಚ. ಹಿಂದಿನ ಕೋಣೆಯಲ್ಲಿ ಸೆಖೆ ಎಂದ. ಆಮೇಲೆ ಏಣಿ ಬಂತು, ಹಲಗೆಗಳು ಬಂದವು, ಯಾವುದೋ ಕಟ್ಟಡದಲ್ಲಿ ಮಿಕ್ಕಿದ ನಾಲ್ಕು ಚೀಲ ಸಿಮೆಂಟು ಬಂತು. ಪ್ರತಿಯೊಂದೂ ಎರಡು ದಿನದ ಮಟ್ಟಿಗೆ ಎಂದೇ ಬರುತ್ತಿತ್ತು. ಟೈಲರಮ್ಮ ಗೊಣಗಿದರೆ ಗಂಡ, "ಬಿಡೆ, ಅಣ್ಣ ತಾನೆ," ಎನ್ನುತ್ತಿದ್ದ.

ಗಂಡನ ಶ್ವಾಸಕೋಶಕ್ಕೆ ಕಾಯಿಲೆ ಬಂದು ಆಸ್ಪತ್ರೆ ಸೇರಿದಾಗ ಅವಳು ಹನ್ನೊಂದು ದಿನ ಅವನ ಮಂಚದ ಪಕ್ಕದಲ್ಲೇ ಇದ್ದಳು. ಹನ್ನೆರಡನೆಯ ದಿನ ಅವನನ್ನು ಭುಜಕ್ಕೆ ಒರಗಿಸಿಕೊಂಡು ಬಾಗಿಲು ತಳ್ಳಿದರೆ ಹಸಿ ಗಾರೆಯ ವಾಸನೆ ಮುಖಕ್ಕೆ ಹೊಡೆಯಿತು. ಪಡಸಾಲೆಯ ನಟ್ಟನಡುವೆ ಗೋಡೆ ನಿಂತಿತ್ತು. ಮೇಲಿನ ನಾಲ್ಕೈದು ಸಾಲು ಇಟ್ಟಿಗೆ ಮಾತ್ರ ಬಾಕಿ. ಭಾವ ಏಣಿಯ ಮೇಲಿದ್ದ. ಗಿಡ್ಡ ಮೇಸ್ತ್ರಿ ಕೆಳಗೆ ಗಾರೆ ಕಲಸುತ್ತಿದ್ದವನು ತಲೆಯೆತ್ತಲಿಲ್ಲ. ಇನ್ನೂ ಮುಚ್ಚದ ಆ ಸಂದಿಯಲ್ಲಿ ಆಚೆ ಕಡೆಯಿಂದ ಎರಡು ಕೈ ಕಾಣಿಸುತ್ತಿದ್ದವು. ಬಳೆ ಮೇಲಕ್ಕೆ ಸರಿಸಿಕೊಂಡು ಒಂದೊಂದೇ ಇಟ್ಟಿಗೆ ಎತ್ತಿ ಕೊಡುತ್ತಿದ್ದ ಆ ಕೈಗಳು ಓರಗಿತ್ತಿಯವು.

"ನಿಮಗೇ ಒಳ್ಳೇದು," ಎಂದ ಭಾವ ಕರಣೆಯಿಂದ ಗಾರೆ ಕೆರೆಯುತ್ತ. "ಬೆಚ್ಚಗಿರುತ್ತೆ. ಇಬ್ಬರಿಗೆ ಎಷ್ಟು ಜಾಗ ಬೇಕು?"

ಗಂಡ ಅಲ್ಲೇ ನೆಲದ ಮೇಲೆ ಕೂತ. ಬಿಡೆ ಎಂದು ಅವತ್ತು ಅವನು ಹೇಳಲಿಲ್ಲ. ಹೇಳಲು ಉಸಿರು ಇರಲಿಲ್ಲವೋ ಮನಸ್ಸು ಇರಲಿಲ್ಲವೋ, ಅವಳು ಕೇಳಲಿಲ್ಲ. ನಾಲ್ಕು ತಿಂಗಳು ಅವನು ಆ ಗೋಡೆಗೆ ಮುಖ ಮಾಡಿ ಮಲಗಿದ್ದ. ಸತ್ತಾಗಲೂ ಹಾಗೇ ಇದ್ದ.

ಅವನು ಹೋಗಿ ಇಪ್ಪತ್ತು ದಿನಕ್ಕೆ ಪಕ್ಕದ ಹಾದಿಯಲ್ಲಿ ಮೆಟ್ಟಿಲು ಏಳತೊಡಗಿತು. ಭಾವನಿಗೆ ಮೇಲೊಂದು ಕೋಣೆ ಬೇಕಿತ್ತು. ಅವಳ ಕೋಣೆಗಿದ್ದ ಒಂದೇ ಕಿಟಕಿ ಆ ಹಾದಿಗೆ ತೆರೆಯುತ್ತಿತ್ತು. ಅದರ ಬಾಗಿಲು ಕಿತ್ತು ಇಟ್ಟಿಗೆ ಜೋಡಿಸತೊಡಗಿದಾಗ ಅವಳು, "ಭಾವ, ಹೊಲಿಗೆಗೆ ಬೆಳಕು ಬೇಕು," ಎಂದಳು.

"ಬಲ್ಬು ಇದೆಯಲ್ಲ," ಎಂದ ಅವನು. ಬೈಗುಳದ ದನಿಯಲ್ಲಲ್ಲ, ಬುದ್ಧಿ ಹೇಳುವ ದನಿಯಲ್ಲಿ.

ಬೀದಿ ಬಾಗಿಲು ತೆರೆದರೆ ಧೂಳು ಬಿಳಿ ಬಟ್ಟೆಯ ಮೇಲೆ ಕೂರುತ್ತಿತ್ತು. ಮುಚ್ಚಿದರೆ ಕತ್ತಲೆ. ಅವಳು ಪುರಸಭೆಯ ಕಚೇರಿಗೆ ಅರ್ಜಿ ಹಾಕಿದಳು. ಅಳೆಯುವವನು ಬಂದ, ಭಾವನ ಜೊತೆ ಮೇಲೆ ಹೋಗಿ ಅರ್ಧ ಗಂಟೆ ಮಾತಾಡಿದ, ಇದು ಮನೆಯೊಳಗಿನ ಜಗಳ ಎಂದು ಬರೆದುಕೊಂಡು ಹೋದ. ಅವತ್ತಿನಿಂದ ಅವಳು ಗೋಡೆಯಾಚೆಯವರ ಜೊತೆ ಮಾತು ಬಿಟ್ಟಳು. ಬಲ್ಬಿನ ಕೆಳಗೆ ಹೊಲಿದಳು, ಕಣ್ಣು ಸವೆಸಿಕೊಂಡಳು, ಕಾದಳು.

•

ಓರಗಿತ್ತಿ ಬಂದಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಮಗ, ಡ್ರೈವರ್, ಗಿಡ್ಡ ಮೇಸ್ತ್ರಿ, ಎದುರಿನ ಚಪ್ಪಲಿ ಅಂಗಡಿಯವನು, ಸತ್ತವನ ಜೊತೆ ದುಡಿದ ಆರೇಳು ಜನ, ಎಲ್ಲರೂ ಅವಳ ಹಿಂದೆ ಬೀದಿಯಲ್ಲಿ ನಿಂತರು.

"ಒಳಗೆ ಬರಬಹುದಾ?"

"ಅಲ್ಲೇ ನಿಂತು ಹೇಳು ಅಕ್ಕ. ಕೇಳಿಸುತ್ತೆ."

"ಅವರನ್ನ ಈ ಕಡೆಯಿಂದ ತಗೊಂಡು ಹೋಗಕ್ಕೆ ದಾರಿ ಬಿಡು."

"ಬಿಡ್ತೀನಿ. ಆದರೆ ಒಡೆದ ಗೋಡೆ ಮತ್ತೆ ಏಳಬಾರದು. ಪಡಸಾಲೆ ಪೂರ್ತಿ ನನ್ನದು ಅಂತ ಕಾಗದದಲ್ಲಿ ಬರೆದು ಕೊಡಿ. ಈಗಲೇ."

ಮಗ ಮುಂದೆ ಬಂದ. "ಚಿಕ್ಕಮ್ಮ, ಅಪ್ಪ ಅಲ್ಲಿ ಮಲಗಿದ್ದಾರೆ. ಈ ಹೊತ್ತಲ್ಲಿ ಕಾಗದ ಕೇಳ್ತೀಯಲ್ಲ, ಮನುಷ್ಯರು ಆಡೋ ಮಾತಾ ಇದು?"

"ನಿಮ್ಮ ಚಿಕ್ಕಪ್ಪ ಮೂಗಿಗೆ ನಳಿಗೆ ಹಾಕ್ಕೊಂಡು ಆಸ್ಪತ್ರೇಲಿ ಮಲಗಿದ್ದ. ನಿಮ್ಮಪ್ಪ ಇಲ್ಲಿ ಗಾರೆ ಕಲಸ್ತಿದ್ದ. ಅವನು ಜೀವ ಇದ್ದೋನು. ಇವನಿಗೆ ಏನು ಅವಸರ? ಕಾಯಲಿ."

ಡ್ರೈವರ್ ಆಕಾಶ ನೋಡಿ, "ಅಮ್ಮ, ಬಿಸಿಲೇರ್ತಿದೆ. ತುಂಬ ಹೊತ್ತು ಇಡೋ ಹಾಗಿಲ್ಲ," ಎಂದ.

"ಹಾಗಾದರೆ ಬೇಗ ಬರೀಲಿ."

ಡ್ರೈವರ್ ತನ್ನ ರಸೀದಿ ಪುಸ್ತಕದಿಂದ ಒಂದು ಹಾಳೆ ಹರಿದು ಕೊಟ್ಟ. ಮಗ ಅದರ ಹಿಂಬದಿಯಲ್ಲಿ, ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟುಕೊಂಡೇ ಬರೆದ. ಓರಗಿತ್ತಿ ಓದದೆ ಸಹಿ ಹಾಕಿದಳು. ಟೈಲರಮ್ಮ ಹಾಳೆಯನ್ನು ಬಲ್ಬಿನ ಕೆಳಗೆ ಒಯ್ದು, ಮೂಗಿನ ಹತ್ತಿರ ಹಿಡಿದು ಓದಿದಳು. ನಾಲ್ಕೇ ಸಾಲು. ಅದನ್ನು ಓದಲು ಬೇಕಾದ್ದಕ್ಕಿಂತ ಬಹಳ ಹೆಚ್ಚು ಹೊತ್ತು ತೆಗೆದುಕೊಂಡಳು. ಬೀದಿಯಲ್ಲಿ ಜನ ಕಾಲು ಬದಲಾಯಿಸುತ್ತ ನಿಂತಿದ್ದರು. ಅವರನ್ನು ಹಾಗೆ ನಿಲ್ಲಿಸಿಕೊಳ್ಳುವ ಸುಖ ಅವಳಿಗೆ ಹೊಸದು.

ಹಾಳೆ ಮಡಚಿ ರವಿಕೆಯೊಳಗೆ ಸೇರಿಸಿ, ಗಿಡ್ಡ ಮೇಸ್ತ್ರಿಯ ಕಡೆ ಬೆರಳು ತೋರಿಸಿದಳು. "ಒಡೆಯೋನು ಇವನೇ ಆಗಬೇಕು."

"ತಾಯಿ, ನನಗೆ ಅರವತ್ತೆಂಟು. ಇಲ್ಲಿ ಹುಡುಗರಿದ್ದಾರೆ."

"ಕಟ್ಟುವಾಗ ಗಾರೆ ಕಲಸಿದ ಕೈ ಯಾವುದು?"

ಅವನು ಸುತ್ತಿಗೆ ತೆಗೆದುಕೊಂಡ. ಗೋಡೆಯನ್ನು ಅಂಗೈಯಿಂದ ಒಮ್ಮೆ ಸವರಿದ. "ಅಣ್ಣನ ಗೋಡೆ ಇದು. ಬೇಗ ಬಗ್ಗಲ್ಲ," ಎಂದ. ಆ ದನಿಯಲ್ಲಿ ಹೆಮ್ಮೆ ಇತ್ತು. ಅದನ್ನು ಕೇಳಿ ಅವಳಿಗೆ ಮೈ ಉರಿಯಿತು.

"ಮೊದಲನೇ ಏಟು ನನ್ನದು. ಕೊಡಿಲ್ಲಿ."

ಅವಳು ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಅಂಗೈ ಅಗಲದ ಗಾರೆ ಉದುರಿತು, ಅಷ್ಟೇ. ನೋವು ಮೊಣಕೈ ತನಕ ಏರಿತು. ಇಪ್ಪತ್ತೊಂದು ವರ್ಷ ಮನಸ್ಸಿನಲ್ಲಿ ಆ ಏಟು ಹೊಡೆದಾಗಲೆಲ್ಲ ಗೋಡೆ ನೆಲಕ್ಕೆ ಬಿದ್ದಿತ್ತು. ಬೀದಿಯವರು ಬೇರೆ ಕಡೆ ನೋಡಿದರು. ಅವಳು ಸುತ್ತಿಗೆ ವಾಪಸ್ ಕೊಟ್ಟಳು.

ಮೊದಲ ಇಟ್ಟಿಗೆ ಕೀಳಲು ಗಿಡ್ಡ ಮೇಸ್ತ್ರಿಗೆ ಕಾಲು ಗಂಟೆ ಹಿಡಿಯಿತು. ಎರಡನೆಯದು ಬೇಗ ಬಂತು. ತೂತು ತಲೆಯಷ್ಟಾದಾಗ ಅವನು ಒಳಗೆ ಇಣುಕಿ, ಸುತ್ತಿಗೆ ಕೆಳಗಿಟ್ಟ.

"ಏನಾಯ್ತು?"

"ಇದರ ಹಿಂದೆ ಇನ್ನೊಂದು ಗೋಡೆ ಇದೆಯಲ್ಲ."

ಗೋಡೆಯಲ್ಲ. ಚೀಲಗಳು. ಅರ್ಧ ಪಡಸಾಲೆಯ ತುಂಬ ನೆಲದಿಂದ ಸೂರಿನವರೆಗೆ ಸಿಮೆಂಟಿನ ಚೀಲ. ಯಾವ ಕಾಲದಲ್ಲೋ ತೇವ ಕುಡಿದು ಒಂದೊಂದೂ ಬಂಡೆಯಾಗಿತ್ತು. ಮೇಲಿನ ಕಾಗದ ಹರಿದುಹೋಗಿ ಚೀಲದ ಆಕಾರದ ಕಲ್ಲು ಮಾತ್ರ ಉಳಿದಿತ್ತು. ಅವುಗಳ ಸಂದಿಯಲ್ಲಿ ಚೌಕಟ್ಟಿಲ್ಲದ ಬಾಗಿಲುಗಳು, ಬಾಗಿಲಿಲ್ಲದ ಚೌಕಟ್ಟುಗಳು, ಒಡೆದ ಮೂರು ಬೇಸಿನ್ನು, ಒಂದಕ್ಕೊಂದು ಹೊಂದದ ಟೈಲುಗಳು, ತುಕ್ಕು ಹಿಡಿದ ನಲ್ಲಿಗಳು. ತನ್ನ ಗಂಡ ಕೊನೆಯ ನಾಲ್ಕು ತಿಂಗಳು ಮಗ್ಗುಲು ಬದಲಾಯಿಸಲೂ ಇಕ್ಕಟ್ಟಾಗಿ ಮಲಗಿದ್ದದ್ದು ಇದಕ್ಕಾಗಿ ಎಂದು ಅವಳು ನೋಡುತ್ತ ನಿಂತಳು. ಅಲ್ಲಿ ಒಬ್ಬ ಮನುಷ್ಯ ಒಂದು ದಿನವೂ ಕೂತಿರಲಿಲ್ಲ.

"ಇವನ್ನೆಲ್ಲ ತೆಗೀದೆ ಒಳಗೆ ಹೋಗಕ್ಕಾಗಲ್ಲ," ಎಂದ ಡ್ರೈವರ್. "ಎಲ್ಲಿ ಹಾಕೋದು?"

"ಬೀದಿಗೆ," ಎಂದಳು ಟೈಲರಮ್ಮ.

"ಬೀದಿ ಬೇಡ ಚಿಕ್ಕಮ್ಮ. ನಿನ್ನ ಕೋಣೆಯಲ್ಲೇ ಒಂದು ಮೂಲೆಗೆ ಜೋಡಿಸೋಣ. ಜನ ನೋಡ್ತಾರೆ."

"ನೋಡಲಿ ಅಂತಾನೇ."

ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಕಲ್ಲಾದ ಚೀಲಗಳು ಬೀದಿಯ ಮೇಲೆ ದೊಪ್ಪೆಂದು ಬೀಳತೊಡಗಿದವು. ಮಹಡಿಗಳ ಮೇಲಿಂದ, ಕಿಟಕಿಗಳಿಂದ ತಲೆಗಳು ಇಣುಕಿದವು. ಚಪ್ಪಲಿ ಅಂಗಡಿಯವನು ಒಂದು ಟೈಲಿನ ಪೆಟ್ಟಿಗೆಯ ಧೂಳು ಒರೆಸಿ, ಬಹಳ ಹೊತ್ತು ನೋಡಿ, "ಇದು ನನ್ನ ಅಂಗಡಿ ನೆಲಕ್ಕೆ ತರಿಸಿದ್ದು," ಎಂದ. "ಒಂದು ಪೆಟ್ಟಿಗೆ ಕಮ್ಮಿ ಬಿತ್ತು, ಇನ್ನೊಂದು ತರಿಸಿ ಅಂದಿದ್ದ."

"ಈ ನಲ್ಲಿ ನಮ್ಮನೇದು," ಎಂದಳು ಯಾವಳೋ ಮಹಡಿಯ ಮೇಲಿಂದ.

"ಅಲ್ಲಿಂದಲೇ ಹೇಗಮ್ಮ ಗೊತ್ತಾಯ್ತು ನಿಮಗೆ?"

"ಕಳಕೊಂಡವರಿಗೆ ಗೊತ್ತಾಗುತ್ತೆ."

ಮಗ ತಲೆ ತಗ್ಗಿಸಿಕೊಂಡು ಚೀಲ ಹೊರುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ಅವನು ಚಿಕ್ಕವನಿದ್ದಾಗ ಅವಳೇ ಅವನಿಗೆ ಚಡ್ಡಿ ಹೊಲಿದು ಕೊಟ್ಟಿದ್ದಳು. ಅದು ನೆನಪಾಯಿತು, ನೆನಪಾದರೂ ಅವಳು ಸಾಕು ಎನ್ನಲಿಲ್ಲ. ಎಲ್ಲಕ್ಕಿಂತ ಒಳಗೆ ಅವಳ ಕಿಟಕಿಯ ಎರಡು ಬಾಗಿಲು ಸಿಕ್ಕವು, ಹಳೆಯ ಹಸಿರು ಬಣ್ಣ ಹಾಗೇ ಇತ್ತು. ಅವನ್ನು ಮಾತ್ರ ಅವಳು ಬೀದಿಗೆ ಬಿಡದೆ ತನ್ನ ಮಂಚಕ್ಕೆ ಒರಗಿಸಿದಳು.

ಮಧ್ಯಾಹ್ನ ಒಂದರ ಹೊತ್ತಿಗೆ ದಾರಿಯಾಯಿತು. ಆರು ಜನ ಬೆಡ್‌ಶೀಟಿನ ಅಂಚು ಹಿಡಿದು ಅವನನ್ನು ತಂದರು. ಉಸಿರು ಬಿಗಿಹಿಡಿದು, "ಸ್ವಲ್ಪ ಬಲಕ್ಕೆ, ಸ್ವಲ್ಪ ಬಲಕ್ಕೆ," ಎನ್ನುತ್ತ ಅವಳ ಮಿಷನ್ನಿನ ಹತ್ತಿರ ಬಂದಾಗ ಜಾಗ ಸಾಲಲಿಲ್ಲ.

"ಮಿಷನ್ ಸ್ವಲ್ಪ ಸರಿಸ್ತೀರಾ ಅಮ್ಮ?" ಎಂದ ಡ್ರೈವರ್.

"ಅದು ಅಲ್ಲೇ ಇರುತ್ತೆ. ನೀವು ಸುತ್ತಿಕೊಂಡು ಹೋಗಿ."

ಅವರು ಅವನನ್ನು ಓರೆ ಮಾಡಿ, ಎದೆಯೆತ್ತರಕ್ಕೆ ಎತ್ತಿ, ಮಿಷನ್ನಿನ ಮೇಲಿಂದ ದಾಟಿಸಿದರು. ಅವಳು ಎದುರಿಗೆ ನಿಂತು ನೋಡಿದಳು. ಮುಖ ಗುರುತು ಸಿಗದಷ್ಟು ಊದಿತ್ತು. ಬೆಳಗಿನಿಂದ ಹಾರಿದ ಧೂಳು ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಕೂತು, ಕೆಲಸ ಬಿಟ್ಟು ಮನೆಗೆ ಬಂದವನಂತೆ ಕಾಣುತ್ತಿದ್ದ. ಇನ್ನೇನು ಕೈಕಾಲು ತೊಳೆದುಕೊಂಡು ಊಟಕ್ಕೆ ಕೂರುತ್ತಾನೆ ಎನ್ನುವ ಹಾಗೆ.

•

ಗುಂಡಿ ತೋಡುವವನಿಗೆ ಅಳತೆ ಮೊದಲೇ ಹೋಗಿತ್ತು. ಆದರೂ ಅವನಿಗೆ ಸಮಾಧಾನವಿರಲಿಲ್ಲ. ಪೆಟ್ಟಿಗೆ ಇಳಿಸಿ, ಹಗ್ಗ ಎಳೆದುಕೊಂಡ ಮೇಲೆ ಮಗನನ್ನು ಪಕ್ಕಕ್ಕೆ ಕರೆದ. ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ, ಎಲ್ಲರಿಗೂ ಕೇಳಿಸಿತು.

"ಅಗಲ ಸಾಲಲಿಲ್ಲ ಸಾರ್. ಪಕ್ಕದವರ ಜಾಗದಲ್ಲಿ ಅರ್ಧ ಅಡಿ ತಗೊಂಡಿದ್ದೀನಿ. ಅವರ ಮನೆಯವರು ಬಂದು ಕೇಳಿದರೆ ನೀವೇ ಮಾತಾಡ್ಕೊಳ್ಳಿ."

ಗಿಡ್ಡ ಮೇಸ್ತ್ರಿ ಕೆಮ್ಮಿದ. ಕೆಮ್ಮು ಅರ್ಧದಲ್ಲೇ ನಗುವಾಯಿತು. ಜೊತೆಯವನೊಬ್ಬ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಚಪ್ಪಲಿ ಅಂಗಡಿಯವನ ಹೊಟ್ಟೆ ಕುಲುಕಿತು. ಮಗ ಕೂಡ, ಕಣ್ಣಲ್ಲಿ ನೀರಿರುವಾಗಲೇ, ನಕ್ಕುಬಿಟ್ಟ. ಟೈಲರಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಉಳಿದವರ ನಗು ನಿಂತ ಮೇಲೂ ಅವಳದು ನಿಲ್ಲಲಿಲ್ಲ, ಪಕ್ಕೆ ಹಿಡಿದುಕೊಂಡು ಕೂರಬೇಕಾಯಿತು.

ಓರಗಿತ್ತಿ ಮಾತ್ರ ನಗಲಿಲ್ಲ. ಗುಂಡಿಗೆ ಮಣ್ಣು ಬೀಳುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಂಚಿನವರೆಗೆ ತುಂಬಿದ ಮೇಲೆ, "ಇನ್ನೂ ಸ್ವಲ್ಪ ಹಾಕಪ್ಪ, ಗಟ್ಟಿಯಾಗಿರಲಿ," ಎಂದಳು.

•

ಸಂಜೆ ನಾಲ್ಕಕ್ಕೆ ಮನೆಗೆ ಬಂದರು. ಮಗ ಡಿಪೋಗೆ ಹೋಗಿ ರಜೆ ಬರೆದು ಕೊಟ್ಟು ಬರುತ್ತೇನೆಂದು ಹೊರಟ. ಗೋಡೆಯಿಲ್ಲದ ಪಡಸಾಲೆಯಲ್ಲಿ ಇಬ್ಬರು ಹೆಂಗಸರು ಉಳಿದರು.

ಟೈಲರಮ್ಮ ಬಾಗಿಲ ಹತ್ತಿರ ನಿಂತು ನೋಡಿದಳು. ಹಿತ್ತಲ ಬಾಗಿಲು ತೆರೆದಿತ್ತು. ಅಲ್ಲಿಂದ ಬಂದ ಬಿಸಿಲು ಓರಗಿತ್ತಿಯ ಕೋಣೆಯನ್ನು ದಾಟಿ, ಪಡಸಾಲೆ ಮುಗಿಯುವ ಹೊಸ್ತಿಲವರೆಗೆ ಬಂದು ನಿಂತಿತ್ತು. ಅದರಿಂದ ಈಚೆ ಬೆಳಕಿರಲಿಲ್ಲ. ಅವಳು ಬಲ್ಬು ಆರಿಸಿ ನೋಡಿದಳು. ತನ್ನ ಮಿಷನ್ನಿನ ಹತ್ತಿರ ಮೊದಲಿನಷ್ಟೇ ಕತ್ತಲೆ.

ಓರಗಿತ್ತಿ ಆ ಹೊಸ್ತಿಲಿನ ಮೇಲೆ, ಬಿಸಿಲಿನಲ್ಲಿ ಕೂತಿದ್ದಳು. ಎರಡೂ ಕಾಲು ಉದ್ದಕ್ಕೆ ಚಾಚಿದ್ದಳು.

"ಕಾಲು ಚಾಚಿ ಕೂತು ಎಷ್ಟು ವರ್ಷ ಆಯ್ತು ಅಂತೀಯ," ಎಂದಳು, ಯಾರಿಗೋ ಹೇಳುವಂತೆ. ಆಮೇಲೆ, "ಸಮಾಧಾನ ಆಯ್ತಾ ನಿನಗೆ?"

"ಆಯ್ತು."

"ಆಗಲಿ." ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು, "ಅವರು ನಿನ್ನ ಹತ್ತಿರ ಹೋಗು ಅಂತ ಎಷ್ಟು ಸಲ ಹೇಳಿದ್ರು ಗೊತ್ತಾ?" ಎಂದಳು.

"ಯಾತಕ್ಕೆ?"

"ಗೋಡೆ ಒಡೆಸಕ್ಕೆ. ಆಸ್ಪತ್ರೆಗೆ ಹೋಗಬೇಕು, ಹಾದೀಲಿ ಆಗಲ್ಲ, ಅವಳ ಬಾಗಿಲಿಂದ ಹೋಗ್ತೀನಿ ಅಂತ. ಅವಳ ಕಾಲು ಹಿಡಿದಾದರೂ ಕೇಳು, ಪಡಸಾಲೆ ವಾಪಸ್ ಕೊಡ್ತೀನಿ ಅಂತ ಹೇಳು, ಅಂತ ದಿನಾ ಅಳ್ತಿದ್ರು. ನಾನು ಅಂಗಡಿಗೆ ಹೋದಾಗ ಹಾದಿ ಕಡೆ ಗೋಡೆ ಬಡೀತಿದ್ರು. ನಿನಗೆ ಕೇಳಿಸ್ತಿತ್ತಲ್ಲ?"

ಟೈಲರಮ್ಮನ ಕಾಲಿಗೆ ಪೆಡಲಿನ ನೆನಪಾಯಿತು. "ನೀನು ಬಂದು ಕೇಳಲೇ ಇಲ್ಲ."

"ಇಲ್ಲ. ಬೀದಿಗೆ ಬಂದು ಹತ್ತು ನಿಮಿಷ ನಿಂತು ಒಳಗೆ ಹೋದೆ. ಅವಳು ಆಗಲ್ಲ ಅಂದಳು, ಸಾಯಲಿ ಅಂದಳು, ಅಂತ ಹೇಳಿದೆ. ಮಗನಿಗೆ, ಅಪ್ಪಂಗೆ ಆಸ್ಪತ್ರೆ ಬೇಡವಂತೆ ಅಂದೆ."

"ನನ್ನ ಹೆಸರು ಹೇಳಿದೆಯಾ?"

"ನಿನ್ನ ಹೆಸರಲ್ಲದೆ ಇನ್ಯಾರದು ಹೇಳಲಿ? ನಂಬಿದರು. ನೀನು ಹಾಗೆ ಅಂದಿರ್ತೀಯ ಅಂತ ಅವರಿಗೆ ಅನುಮಾನವೇ ಬರಲಿಲ್ಲ." ಓರಗಿತ್ತಿ ತನ್ನ ಕಾಲುಗಳನ್ನು ನೋಡಿಕೊಂಡಳು. "ಆ ಚೀಲಗಳಿಗೆ ಜಾಗ ಬಿಟ್ಟು ಬಿಟ್ಟು ನಾನು ಮಲಗ್ತಿದ್ದದ್ದು ಒಲೆ ಪಕ್ಕ. ಮಗ ಮದುವೆಯಾಗಿ ಬಂದಾಗ ಒಂದು ಮಂಚ ಹಾಕಕ್ಕೆ ಜಾಗ ಬಿಡಿ ಅಂತ ಕೇಳ್ಕೊಂಡೆ. ಇಟ್ಟಿಗೆ ಇಡಬೇಕು ಅಂದರು. ಅವನು ಮನೆ ಬಿಟ್ಟ. ಅವತ್ತೇ ಅಂದ್ಕೊಂಡಿದ್ದೆ."

ಮೊದಲು ಟೈಲರಮ್ಮನಿಗೆ ಬಂದದ್ದು ಕನಿಕರವಲ್ಲ. ಅವನು ಅಳುತ್ತಿದ್ದ, ಅವಳ ಕಾಲು ಹಿಡಿಯಲು ಸಿದ್ಧನಿದ್ದ. ಅದನ್ನು ಕಣ್ಣಾರೆ ನೋಡುವ, ಕಿವಿಯಾರೆ ಕೇಳುವ, ಹೂಂ ಅಥವಾ ಉಹೂಂ ಎನ್ನುವ ಹಕ್ಕು ಅವಳದಾಗಿತ್ತು. ಅದೊಂದನ್ನಾದರೂ ಬಿಡದೆ, ಅದನ್ನೂ ಇವರು ಗೋಡೆಯಾಚೆಯೇ ಇಟ್ಟುಕೊಂಡು ಮುಗಿಸಿದ್ದರು. ಸತ್ತವನು ಅವಳನ್ನು ಶಪಿಸುತ್ತ ಹೋಗಿದ್ದ, ಅವಳು ಮಾಡದ ಕೆಲಸಕ್ಕೆ. ತಾನು ಮಾಡುತ್ತಿದ್ದೆನೋ ಇಲ್ಲವೋ ಎಂದು ಈಗ ಅವಳಿಗೂ ತಿಳಿಯುವಂತಿರಲಿಲ್ಲ.

ಅವಳು ಬಲ್ಬಿನ ಕೆಳಗೆ ಹೋಗಿ ಮಿಷನ್ನಿನ ಎರಡೂ ಬದಿ ಹಿಡಿದಳು. ಎಳೆದಳು. ಕಬ್ಬಿಣದ ಕಾಲುಗಳು ನೆಲ ಗೀಚಿದವು. ಒಡೆದ ಗೋಡೆಯ ಬುಡದಲ್ಲಿ ಒಂದು ಇಟ್ಟಿಗೆ ಎತ್ತರದ ಸಾಲು ಉಳಿದಿತ್ತು, ಅದರ ಮೇಲೆ ಎತ್ತಿ ಇಳಿಸಿದಳು. ಧೂಳಿನ ಅರ್ಧ ಪಡಸಾಲೆಯನ್ನು ಉದ್ದಕ್ಕೂ ದಾಟಿದಳು. ಬೆವರು ಕಣ್ಣಿಗಿಳಿಯಿತು. ಹೊಸ್ತಿಲ ಹತ್ತಿರ ಬಂದಾಗ ಮಿಷನ್ನು ಓರಗಿತ್ತಿಯ ಪಾದಕ್ಕೆ ಗೇಣು ದೂರದಲ್ಲಿ ನಿಂತಿತು.

"ಪಡಸಾಲೆ ಇಲ್ಲಿಗೆ ಮುಗೀತು," ಎಂದಳು ಓರಗಿತ್ತಿ. "ಕಾಗದದಲ್ಲಿರೋದು ಇಷ್ಟೇ."

"ಬೆಳಕು ಅಲ್ಲಿದೆ," ಎಂದಳು ಟೈಲರಮ್ಮ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಿತ್ತಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಓರಗಿತ್ತಿಯ ಮುಖದಲ್ಲಿ ಕೋಪವಿರಲಿಲ್ಲ, ಬಹಳ ವರ್ಷದ ಅಭ್ಯಾಸ ಇತ್ತು. ಅವಳು ಮೊದಲು ಒಂದು ಕಾಲು ಮಡಚಿಕೊಂಡಳು. ಸ್ವಲ್ಪ ಹೊತ್ತು ಕಾದು ನೋಡಿ, ಇನ್ನೊಂದನ್ನೂ ಮಡಚಿ, ಮೊಣಕಾಲನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒತ್ತಿ ಕೂತಳು.

ಟೈಲರಮ್ಮ ಮಿಷನ್ನನ್ನು ಹೊಸ್ತಿಲ ಮೇಲಿಂದ ಎತ್ತಿ ಬಿಸಿಲಿನಲ್ಲಿ ಇಳಿಸಿದಳು. ಹಿಂದೆ ಸರಿದು ನೋಡಿದಳು. ಮತ್ತೆ ಬಗ್ಗಿ, ಇನ್ನೊಂದು ಗೇಣು ಮುಂದಕ್ಕೆ ತಳ್ಳಿದಳು.